ತುಟಿಯ ಕೆಳಗಿನ ಮಚ್ಚೆ

ವಿನ್ನಿಪೆಗ್
ಏಪ್ರಿಲ್ ೯, ಬುಧವಾರ

ಅಮ್ಮಾ,

ಫೋನಿನ ತಂತಿಯನ್ನು ಗೋಡೆಯಿಂದಲೇ ಕಿತ್ತುಹಾಕಿದ್ದೀಯೆಂದು ಪಕ್ಕದ ಮನೆಯ ಸ್ಟೆಫ್ಕಾ ಹೇಳಿದಳು. ಕಿತ್ತರೆ ಕೀಳು. ಅಂಚೆ ಕಚೇರಿಗೆ ಹೋಗುವುದನ್ನಂತೂ ನೀನು ಬಿಡಲಾರೆ. ತರಿಸಿದ ಬೀಟ್‌ರೂಟ್ ಬೀಜದ ಪೊಟ್ಟಣಗಳು ಬರುವ ಕಾಲ ಇದು. ಅವುಗಳ ಜೊತೆ ಈ ಲಕೋಟೆಯೂ ನಿನ್ನ ಕೈಸೇರಲಿ ಎಂದು ಬರೆಯುತ್ತಿದ್ದೇನೆ. ಒಲೆಗೆ ಹಾಕುವ ಮೊದಲು ಒಮ್ಮೆ ಓದು. ಓದಿದ ಮೇಲೆ ಹಾಕಿದರೆ ನನಗೇನೂ ಬೇಸರವಿಲ್ಲ.

ಶನಿವಾರ ಕೆನೋರಾದಿಂದ ಡಾಫಿನ್‌ವರೆಗೆ ಕಾರು ಓಡಿಸಿಕೊಂಡು ನಮ್ಮ ಮನೆಗೆ ಬಂದ ಇಬ್ಬರು ಪೊಲೀಸರನ್ನು ನೀನು ಒಳಗೇ ಬಿಡಲಿಲ್ಲವಂತೆ. ಸ್ಟೆಫ್ಕಾ ತನ್ನ ಅಡುಗೆಮನೆಯ ಕಿಟಕಿಯಿಂದ ಎಲ್ಲ ನೋಡಿದ್ದಾಳೆ. ಅವಳು ನೋಡದೆ ನಮ್ಮ ಬೀದಿಯಲ್ಲಿ ನಾಯಿಯೂ ಹಾದುಹೋಗುವುದಿಲ್ಲ ಬಿಡು. ನೀನು ಮುಚ್ಚಿದ ಬಾಗಿಲಿನ ಒಳಗಿನಿಂದ ಕೂಗಿದೆಯಂತೆ: "ಆ ಚಿತ್ರದಲ್ಲಿರೋಳು ನನ್ನ ಮಗಳಲ್ಲ. ಹಂಗಿದ್ಮೇಲೆ ಅವಳ ಥರಾ ಇರೋ ಹೆಣಾನೂ ನನ್ನ ಮಗಳದ್ದಲ್ಲ. ಹೋಗ್ರಿ, ನಿಮ್ಮ ಬೂಟಿಂದ ನನ್ನ ಮೆಟ್ಟಿಲೆಲ್ಲ ಕೆಸರಾಯ್ತು." ವಾದದಲ್ಲಿ ನಿನ್ನನ್ನು ಗೆದ್ದವರಿಲ್ಲ. ಅಪ್ಪ ಬದುಕಿದ್ದಷ್ಟು ದಿನವೂ ಸೋತರು. ಆದರೆ ಈ ಸಲ ನೀನು ಗೆದ್ದರೆ ನಿನ್ನ ಕಿರಿಯ ಮಗಳು ಹಾಲ್ಯಾಗೆ ಮನೆಗೆ ಬರಲು ದಾರಿಯಿಲ್ಲ. ಅದಕ್ಕೇ ಈ ಕಾಗದ.

ಇರುವ ವಿಷಯವನ್ನು ನೆಟ್ಟಗೆ ಹೇಳಿಬಿಡುತ್ತೇನೆ. ಕೆನೋರಾದ ಸರೋವರದಲ್ಲಿ, ಸೇತುವೆಯ ಬಳಿ ಮಂಜುಗಡ್ಡೆ ಮೊದಲು ಬಿರಿಯುವ ಜಾಗದಲ್ಲಿ, ಹೋದ ತಿಂಗಳ ಕೊನೆಗೆ ಒಬ್ಬ ಹೆಂಗಸು ಸಿಕ್ಕಿದ್ದಾಳೆ. ವಯಸ್ಸು, ಎತ್ತರ, ಕೆಂಪು ಕೂದಲು ಎಲ್ಲ ಹಾಲ್ಯಾಗೆ ಹೊಂದುತ್ತದೆ. ಅವಳು ಕಾಣೆಯಾಗಿದ್ದಾಳೆಂದು ನಾನು ಹಾಕಿಸಿದ ಹೊಸ ಪೋಸ್ಟರನ್ನು ಅಲ್ಲಿ ಯಾರೋ ನೋಡಿ, ಹೋಲಿಕೆ ಹಿಡಿದು, ನನಗೆ ಫೋನು ಮಾಡಿದರು. ನಾನು ಅವಳನ್ನು ನೋಡಿಲ್ಲ. ನೋಡಲು ಬಿಡುವುದಿಲ್ಲವಂತೆ. ಇಡೀ ಚಳಿಗಾಲ ನೀರಿನಲ್ಲಿದ್ದ ಮುಖದ ವಿಷಯದಲ್ಲಿ ಯಾರ ಮಾತನ್ನೂ ಅವರು ನಂಬುವಂತಿಲ್ಲ. ಡಿಎನ್‌ಎ ಪರೀಕ್ಷೆಗೆ ನನ್ನ ಎಂಜಲನ್ನು ಕೊಟ್ಟೆ. ಅಕ್ಕತಂಗಿಯರದು ಅರೆಬರೆ ಹೊಂದುತ್ತದೆ, ತಾಯಿಯದೇ ಬೇಕು ಎಂದರು. ಈ ತಿಂಗಳ ಕೊನೆಯವರೆಗೆ ಕಾಯುತ್ತಾರೆ. ಆಮೇಲೆ ಆ ಊರಿನ ಸ್ಮಶಾನದ ಮೂಲೆಯಲ್ಲಿ ಹೂತು, ಹೆಸರಿನ ಬದಲು ಸಂಖ್ಯೆಯ ಗೂಟ ನೆಡುತ್ತಾರೆ.

ಆ ಹೊಸ ಚಿತ್ರದ ಮೇಲಿನ ನಿನ್ನ ಸಿಟ್ಟು ನನಗೆ ಗೊತ್ತು. ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರ ಜೊತೆ ಕೂತು ಪಿರೋಗಿ ಕಡುಬು ಮಡಚುತ್ತಿದ್ದವಳು ಎದ್ದು, ಹಿಟ್ಟಿನ ಕೈಯಲ್ಲೇ ಅದನ್ನು ಗೋಡೆಯಿಂದ ಕಿತ್ತೆಯಂತೆ. ಆ ಸಂಜೆ ನೀನು ನನಗೆ ಫೋನಿನಲ್ಲಿ ಹೇಳಿದ್ದು ಅಕ್ಷರಶಃ ನೆನಪಿದೆ. "ನನ್ನ ಮಗಳನ್ನ ಬೀದಿಯವಳನ್ನ ಮಾಡಿ ಊರಿಗೆಲ್ಲ ತೋರಿಸಿದ್ಯಲ್ಲೇ, ನಿನ್ನ ಕೈ ಸೇದಿಹೋಗ! ಆ ನಿನ್ನ ಸ್ಲೇಟು ಬಳಪ ಮುರಿದು ಮಣ್ಣಾಗಿ ಹೋಗ!" ಅಂದಿನಿಂದ ಫೋನಿಲ್ಲ.

ನಾನು ಫೋಟೋ ತಿದ್ದುವ ಟ್ಯಾಬ್ಲೆಟ್ಟನ್ನು ನೀನು ಸ್ಲೇಟು ಎನ್ನುವುದು ಹೊಸದಲ್ಲ. ನನಗೂ ಅದು ಇಷ್ಟವೇ. ನಿನಗೆ ಆ ಸ್ಲೇಟು ಒಂದು ಕಾಲದಲ್ಲಿ ಬಹಳ ಪ್ರಿಯವಾಗಿತ್ತು ಎಂಬುದನ್ನು ಮಾತ್ರ ಮರೆಯಬೇಡ. ಅಪ್ಪನ ಗೋರಿಕಲ್ಲಿನ ಮೇಲಿನ ಪಿಂಗಾಣಿ ಬಿಲ್ಲೆಗೆ ಫೋಟೋ ಬೇಕಾದಾಗ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. "ಟೋಪಿ ತೆಗಿ. ಕೂದಲು ಸ್ವಲ್ಪ ಹಾಕು. ಟೈ ಕಟ್ಟು." ಬದುಕಿದ್ದವರೆಗೂ ಟೈ ಕಟ್ಟದ ಮನುಷ್ಯನಿಗೆ ನಾನು ಪೆನ್ನಿನ ತುದಿಯಿಂದ ನೀಲಿ ಟೈ ಬರೆದೆ, ಗಂಟಿನ ಕೆಳಗಿನ ನೆರಳಿನ ಸಮೇತ. ಕಲ್ಲಿನ ಮುಂದೆ ಪಾದ್ರಿ ಮಂತ್ರ ಹೇಳುತ್ತಿರುವಾಗ ಹಾಲ್ಯಾ ನನ್ನ ಕಿವಿಯಲ್ಲಿ, "ಇದ್ಯಾವ ಬ್ಯಾಂಕ್ ಮ್ಯಾನೇಜರೇ? ಅಪ್ಪನ್ನ ಎಲ್ಲಿ ಮಲಗಿಸಿದ್ದೀರಾ?" ಎಂದಳು. ನಾನು ನಗು ತಡೆಯಲಾರದೆ ಕೆಮ್ಮಿದೆ. ನೀನು ಇಬ್ಬರನ್ನೂ ಗುರಾಯಿಸಿದೆ. ನಾವು ಮೂವರೂ ಒಟ್ಟಿಗೆ ನಿಂತದ್ದು ಅದೇ ಕೊನೆ ಎಂದು ತೋರುತ್ತದೆ.

ಹಾಲ್ಯಾಳ ಶಾಲೆ ಮುಗಿದ ವರ್ಷದ ಫೋಟೋ ಕೂಡ ಹಾಗೆಯೇ. ಆಗ ನಾನು ಶಾಲಾ ಫೋಟೋಗಳ ಕಂಪನಿಗೆ ಸೇರಿ ಒಂದು ವರ್ಷವಾಗಿತ್ತು. ಅಲ್ಲಿನ ಪದ್ಧತಿ ಹೀಗೆ: ಮೊಡವೆ, ಗೀರು, ಒಣಗಿದ ತುಟಿ ಯಾರನ್ನೂ ಕೇಳದೆ ಹೋಗುತ್ತವೆ, ಮಚ್ಚೆ, ಹುಟ್ಟುಗುರುತು ಮನೆಯವರು ಹೇಳಿದರೆ ಮಾತ್ರ. ನೀನು ಹೇಳಿದೆ. "ತುಟಿ ಕೆಳಗಿನ ಆ ಮಚ್ಚೆ ತೆಗೆದುಬಿಡೇ, ಏನೋ ತಿಂದು ಬಾಯಿ ಒರೆಸಿಕೊಳ್ಳದವಳ ಹಂಗೆ ಕಾಣುತ್ತೆ. ಆ ಮುರುಕು ಹಲ್ಲನ್ನೂ ನೆಟ್ಟಗೆ ಮಾಡು." ನಾನು ಮಾಡಿದೆ. ಮಚ್ಚೆಯ ಮೇಲೆ ಪಕ್ಕದ ಚರ್ಮವನ್ನು ಎಳೆದು ಮುಚ್ಚುವುದು ಒಂದು ಉಸಿರಿನ ಕೆಲಸ. ಪೆನ್ನನ್ನು ಒತ್ತಲೂ ಬೇಕಿಲ್ಲ, ಸವರಿದರೆ ಸಾಕು. ಅದನ್ನೀಗ ಎತ್ತಾಡುವುದಕ್ಕೆ ಬರೆಯುತ್ತಿಲ್ಲ. ಊರಿನ ಎಲ್ಲ ತಾಯಂದಿರೂ ಕೇಳುತ್ತಿದ್ದರು, ನೀನೂ ಕೇಳಿದೆ, ಅಷ್ಟೆ. ಹಾಲ್ಯಾ ಮಾತ್ರ ಚೌಕಟ್ಟಿನಲ್ಲಿ ತನ್ನನ್ನು ನೋಡಿಕೊಂಡು, "ಚೆನ್ನಾಗಿದ್ದಾಳಲ್ಲ ಹುಡುಗಿ! ನಂಗೂ ಪರಿಚಯ ಮಾಡಿಸ್ರೇ," ಎಂದು ನಕ್ಕಳು.

ಕಳೆದ ಆಗಸ್ಟಿನಲ್ಲಿ ಅವಳ ಭಾನುವಾರದ ಫೋನು ನಿಂತಾಗ ಪೊಲೀಸರಿಗೆ ನೀನು ಕೊಟ್ಟದ್ದು ಆ ಫೋಟೋವನ್ನೇ. ಕೊಡಲು ಬೇರೆಯದೂ ಇರಲಿಲ್ಲ. ಕ್ಯಾಮೆರಾ ಕಂಡರೆ ಅವಳು ಮುಖಕ್ಕೆ ಕೈ ಅಡ್ಡ ಹಿಡಿಯಲು ಶುರುಮಾಡಿ ಬಹಳ ವರ್ಷಗಳಾಗಿದ್ದವು. ಹೆದ್ದಾರಿಯ ಪೆಟ್ರೋಲ್ ಬಂಕುಗಳಲ್ಲಿ, ಬಸ್ ನಿಲ್ದಾಣಗಳಲ್ಲಿ, ಡೋನಟ್ ಅಂಗಡಿಗಳ ಗಾಜಿಗೆ ನಾನೇ ಅದನ್ನು ಅಂಟಿಸಿಕೊಂಡು ಬಂದೆ. ಮುತ್ತಿನಂಥ ಹಲ್ಲು, ಕಲೆಯಿಲ್ಲದ ಗಲ್ಲ, ಹದಿನೆಂಟು ವರ್ಷದ ನಗು. ನಾವು ಹುಡುಕುತ್ತಿದ್ದದ್ದು ಮೂವತ್ತು ದಾಟಿದ, ಸೂಜಿಯ ಚಟಕ್ಕೆ ಬಿದ್ದ, ಎಲ್ಲೆಲ್ಲೋ ಮಲಗುತ್ತಿದ್ದ ಹೆಂಗಸನ್ನು. ಒಂದೇ ಒಂದು ಫೋನು ಬರಲಿಲ್ಲ.

ಜನವರಿಯಲ್ಲಿ ನಾನು ವಿನ್ನಿಪೆಗ್ಗಿನ ಹೆಂಗಸರ ಆಶ್ರಯಧಾಮವೊಂದಕ್ಕೆ ಹೋದೆ. ಅಲ್ಲಿ ಅಡುಗೆ ಮಾಡುವ ಬೆವ್ ಎಂಬಾಕೆಗೆ ಪೋಸ್ಟರ್ ತೋರಿಸಿದೆ. "ಇದನ್ನ ನಮ್ಮ ಬಾಗಿಲಿಗೇ ಅಂಟಿಸಿದ್ರಲ್ಲ. ಚಳಿ ಶುರುವಾದಾಗ ಯಾರೋ ಕಿತ್ಕೊಂಡು ಹೋದ್ರು. ಈ ಹುಡುಗೀನ ನಾನು ನೋಡಿಲ್ಲಮ್ಮ," ಎಂದಳು. ನಾನು ಉಪಕಾರವಾಯಿತು ಎಂದು ಹೇಳಿ ತಿರುಗಿದೆ. ಆಕೆ ಸೌಟು ಹಿಡಿದುಕೊಂಡೇ ಹಿಂದೆ ಬಂದಳು. "ಏ, ನಿಲ್ಲು. ಇನ್ನೊಂದ್ಸಲ ಮಾತಾಡು." ಏನು ಮಾತಾಡಲಿ ಎಂದೆ. "ಏನಾದ್ರೂ. ಈ ಫೋಟೋದೋಳು ಗೊತ್ತಿಲ್ಲ. ನಿನ್ನ ದನಿ ಗೊತ್ತು. ನಮ್ಮ ಕೆಂಪಿ ದನಿ ಅದು."

ಅಲ್ಲಿ ಅವಳನ್ನು ಎಲ್ಲರೂ ಕೆಂಪಿ ಎಂದು ಕರೆಯುತ್ತಿದ್ದರು, ಕೂದಲಿನಿಂದಾಗಿ. ನವೆಂಬರಿನವರೆಗೆ ಅಲ್ಲೇ ಇದ್ದಳು. ತನ್ನದೇ ಫೋಟೋ ಇದ್ದ ಬಾಗಿಲಿನಿಂದ ದಿನವೂ ಓಡಾಡಿದ್ದಳು, ಒಬ್ಬರಿಗೂ ಗುರುತು ಸಿಗಲಿಲ್ಲ. ನನ್ನ ಮನೆಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರ. ಇದನ್ನು ನಾನು ನಿನಗೆ ಆಗ ಹೇಳಲಿಲ್ಲ. ಹೇಳಲು ನನ್ನಿಂದ ಆಗಲಿಲ್ಲ.

ಮರುದಿನ ಟ್ಯಾಬ್ಲೆಟ್ ತೆಗೆದುಕೊಂಡು ಹೋಗಿ ಅವರ ಅಡುಗೆಮನೆಯ ಮೇಜಿನ ಮೇಲೆ ಇಟ್ಟೆ. ಬೆವ್, ಮತ್ತೆ ಡಾರ್ಲೀನ್ ಎಂಬ ಹಲ್ಲಿಲ್ಲದ ಮುದುಕಿ, ಇಬ್ಬರೂ ನನ್ನ ಎಡಬಲಕ್ಕೆ ಕೂತರು. ಅಮ್ಮಾ, ನಾನು ಇಷ್ಟು ವರ್ಷ ಮಾಡಿದ ಕೆಲಸವನ್ನು ಅಂದು ಹಿಂದುಮುಂದಾಗಿ ಮಾಡಿದೆ. ಕಂಪನಿಯವರು ಮೂಲ ಫೋಟೋವನ್ನು ಎಂದೋ ಅಳಿಸಿಹಾಕಿದ್ದರಿಂದ ಒಂದೊಂದನ್ನೂ ಹೊಸದಾಗಿ ಬರೆಯಬೇಕಾಯಿತು.

"ಮೊದಲು ಆ ಹಲ್ಲು ಕೀಳು," ಎಂದಳು ಬೆವ್. "ಮುಂದಿಂದು. ಹಾಂ. ಪಕ್ಕದ್ದೂನೂ. ಸೂಪಿನ ಪಾತ್ರೆ ಹಿಡ್ಕೊಂಡು ನಮ್ಮ ಮೆಟ್ಟಿಲ ಮೇಲೆ ಜಾರಿದ್ಲು. ಹಲ್ಲು ಹೋಯ್ತು, ಸೂಪು ಒಂದು ತೊಟ್ಟು ಚೆಲ್ಲಲಿಲ್ಲ."

"ಮೂಗು ಸೊಟ್ಟ ಮಾಡು," ಎಂದಳು ಡಾರ್ಲೀನ್. "ಅಷ್ಟಲ್ಲ ಮಾರಾಯ್ತಿ, ನಂದು ಮಾಡ್ತಿದ್ದೀಯಾ? ಅವಳದ್ದು ಸ್ವಲ್ಪ. ಯಾರು ಮುರಿದ ಅಂತ ಕೇಳ್ಬೇಡ, ಅವನೂ ಈಗ ಇಲ್ಲ."

ಕಣ್ಣಿನ ಕೆಳಗೆ ಕಪ್ಪು ಬಳಿದೆ. ಕೆನ್ನೆ ಒಳಗೆ ಎಳೆದೆ. "ಇನ್ನೂ ಒಳಗೆ. ಇನ್ನೂ," ಎನ್ನುತ್ತಲೇ ಹೋದಳು ಬೆವ್. ಪ್ರತಿ ಸಲವೂ ಇಷ್ಟು ಸಾಕು ಎಂದು ನಾನು ಪೆನ್ನು ಎತ್ತುತ್ತಿದ್ದೆ, ಆಕೆ ತಲೆಯಾಡಿಸುತ್ತಿದ್ದಳು. ಕೊನೆಗೆ ನನ್ನ ಕೈಯಿಂದ ಪೆನ್ನು ಕಸಿದುಕೊಂಡು ತಾನೇ ಬರೆಯಹೋಗಿ, ಒತ್ತಿದ ರಭಸಕ್ಕೆ ಹಣೆಯ ಮೇಲೆ ಒಂದು ದಪ್ಪ ಕಪ್ಪು ಗೆರೆ ಎಳೆದಳು. "ಅಯ್ಯೋ, ನಮ್ಮ ಕೆಂಪೀನ ಕೊಂದೇಬಿಟ್ನಲ್ಲ," ಎಂದು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಆ ಗೆರೆಯನ್ನು ಅಳಿಸಿದೆ.

ಆಗ ಡಾರ್ಲೀನ್, "ಮಚ್ಚೆ ಎಲ್ಲಿ?" ಎಂದಳು. ಹಲ್ಲು, ಮೂಗು, ಕೆನ್ನೆ ಎಲ್ಲ ಅವರು ಹೇಳಿದ ಹಾಗೆ ಬರೆದಿದ್ದೆ. ಮಚ್ಚೆಯನ್ನು ಮಾತ್ರ ಅವರು ಹೇಳುವ ಮೊದಲೇ ನಾನು ಬರೆಯಬೇಕಿತ್ತು. ಅದನ್ನು ತೆಗೆದವಳು ನಾನಲ್ಲವೇ? ಎಲ್ಲಿತ್ತು ಎಂದು ನೆನಪಿಸಿಕೊಂಡು ಇಟ್ಟೆ. ಇಟ್ಟ ಕೂಡಲೇ ಆ ಮುಖ ನನ್ನ ತಂಗಿಯದಾಯಿತು. ಡಾರ್ಲೀನ್ ತಟ್ಟನೆ ಎದ್ದುಹೋಗಿ ನಲ್ಲಿ ತಿರುಗಿಸಿಕೊಂಡು ನಿಂತಳು. ಬೆವ್ ತೆರೆಯನ್ನೇ ನೋಡುತ್ತಾ, "ಬಂದ್ಯೇನೇ," ಎಂದಳು, ಮನೆಗೆ ತಡವಾಗಿ ಬಂದವಳನ್ನು ಕೇಳುವ ಹಾಗೆ.

ನೀನು ಹಿಟ್ಟಿನ ಕೈಯಲ್ಲಿ ಕಿತ್ತದ್ದು ಆ ಚಿತ್ರವನ್ನು. ಅದು ಅವಳ ಮರ್ಯಾದೆ ತೆಗೆಯಲು ಬರೆದದ್ದಲ್ಲ. ಅವಳನ್ನು ಪ್ರೀತಿಸಿದ ಇಬ್ಬರು ಹೆಂಗಸರು ಕೂತು ಬರೆಸಿದ್ದು. ಅವಳು ಕಳ್ಳಿ, ಚಟದವಳು ಎಂದು ಊರವರು ಆಡಿಕೊಳ್ಳುತ್ತಾರೆ ಎಂದು ನಿನ್ನ ಹೆದರಿಕೆ. ಅವರು ಆಗಲೇ ಆಡಿಕೊಂಡು ಮುಗಿಸಿದ್ದಾರೆ ಅಮ್ಮಾ. ಈಗ ಮಾತಾಡಲು ಅವರಿಗೆ ಪಾದ್ರಿಯ ಹೊಸ ಕಾರು ಸಿಕ್ಕಿದೆ.

ನಿನ್ನ ಮನಸ್ಸಿನಲ್ಲಿರುವುದು ನನಗೆ ಅರ್ಥವಾಗದೇ ಇಲ್ಲ. ಬಾಗಿಲು ತೆಗೆಯದಿದ್ದರೆ ಹಾಲ್ಯಾ ಇನ್ನೂ ಎಲ್ಲೋ ಇದ್ದಾಳೆ. ಯಾವುದೋ ಭಾನುವಾರ ಫೋನು ಮಾಡಿ, "ಅಮ್ಮಾ, ಬೋರ್ಷ್ಟ್ ಸೂಪಿಗೆ ವಿನೆಗರ್ ಮೊದಲೋ ಕೊನೆಗೋ?" ಎಂದು ಕೇಳುತ್ತಾಳೆ. ನನಗೂ ಅದೇ ಆಸೆ ಇತ್ತು. ಆ ಆಸೆಗಾಗಿ ಅವಳನ್ನು ಗುರುತಿಲ್ಲದ ಊರಿನಲ್ಲಿ ಗೂಟದ ಕೆಳಗೆ ಬಿಡುವುದು ನನ್ನಿಂದಾಗದು.

ಈ ಶನಿವಾರ ಅವರು ಮತ್ತೆ ಬರುತ್ತಾರೆ. ನಾನೂ ಜೊತೆಗಿರುತ್ತೇನೆ. ಕೆನ್ನೆಯ ಒಳಗೆ ಒಂದು ಹತ್ತಿಯ ಕಡ್ಡಿ ಆಡಿಸುತ್ತಾರೆ, ಅಷ್ಟೆ, ನೋವಿಲ್ಲ. ಬೂಟು ಹೊರಗೇ ಬಿಡಲು ಹೇಳುತ್ತೇನೆ. ಹೊಂದದೇ ಹೋದರೆ ನಿನ್ನ ವಾದ ಗೆದ್ದಿತು, ನಾನು ನಿನ್ನ ಕಾಲು ಹಿಡಿಯುತ್ತೇನೆ. ಹೊಂದಿದರೆ ಹೆಪ್ಪುಗಟ್ಟಿದ ನೆಲ ಸಡಿಲಾದ ಮೇಲೆ ಅವಳನ್ನು ಅಪ್ಪನ ಪಕ್ಕ ಮಲಗಿಸೋಣ. ಕಲ್ಲಿನ ಮೇಲೆ ನಿನಗೆ ಯಾವ ಫೋಟೋ ಬೇಕೋ ಅದನ್ನೇ ಹಾಕಿಸು. ಶಾಲೆಯ ಫೋಟೋ ಎಂದರೆ ಅದೇ ಸರಿ. ನಾನು ಎದುರು ಮಾತಾಡುವುದಿಲ್ಲ.

ಈಸ್ಟರ್ ಹತ್ತಿರ ಬಂತು. ಪಾಸ್ಕಾ ರೊಟ್ಟಿಗೆ ಹಿಟ್ಟು ನಾದಲು ಕೈನೋವು ಎಂದು ಸ್ಟೆಫ್ಕಾಳ ಹತ್ತಿರ ಹೇಳಿಕೊಂಡೆಯಂತೆ. ಬಂದಾಗ ನಾನೇ ನಾದಿಕೊಡುತ್ತೇನೆ. ಮೊಳಕಾಲಿಗೆ ಮುಲಾಮು ಹಚ್ಚುವುದನ್ನು ಬಿಡಬೇಡ.

ಸಿಟ್ಟಿದ್ದರೂ ನಿನ್ನವಳೇ ಆದ,
ಲರೀಸಾ

ತಾ.ಕ.

ಲಕೋಟೆ ಅಂಟಿಸಿ ಮತ್ತೆ ಹರಿದೆ. ಮೇಲೆ ಎರಡು ಸುಳ್ಳು ಬರೆದಿದ್ದೇನೆ.

ಹೊಸ ಚಿತ್ರವನ್ನು ನೋಡಿ ಯಾರೂ ಫೋನು ಮಾಡಲಿಲ್ಲ. ನನಗೆ ಕರೆ ಬಂದದ್ದು ಹಳೆಯ ಪೋಸ್ಟರಿನಿಂದ. ಆ ಹೆಂಗಸಿನ ಕೋಟಿನ ಒಳಜೇಬಿನಲ್ಲಿ, ಬ್ರೆಡ್ಡಿನ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ಗಂಟು ಹಾಕಿ ಇಟ್ಟಿದ್ದರಿಂದ ಅದು ನೆನೆದಿರಲಿಲ್ಲ. ಮೂಲೆಗಳಲ್ಲಿ ಆಶ್ರಯಧಾಮದ ಬಾಗಿಲಿನ ಟೇಪು ಇನ್ನೂ ಅಂಟಿಕೊಂಡಿತ್ತು. ಮೊದಲು ಕೆನೋರಾದ ಪೊಲೀಸರು ಅದನ್ನು ಪಕ್ಕಕ್ಕಿಟ್ಟಿದ್ದರಂತೆ: ಅಚ್ಚಾದ ಹುಡುಗಿಗೆ ಮಚ್ಚೆಯಿಲ್ಲ, ಸಿಕ್ಕವಳಿಗೆ ಇದೆ, ಬೇರೆ ಯಾರದೋ ಕಾಗದ ಇವಳ ಕೈಗೆ ಬಂದಿರಬೇಕು ಎಂದು. ಆಮೇಲೆ ಒಬ್ಬರು ದೀಪದ ಕೆಳಗೆ ಹಿಡಿದು ನೋಡಿದರು. ಮಚ್ಚೆ ಇತ್ತು. ಅಚ್ಚಿನದಲ್ಲ, ಬಾಲ್‌ಪೆನ್ನಿನದು. ಮುಂದಿನ ಹಲ್ಲನ್ನೂ ಅವಳು ಅದೇ ಪೆನ್ನಿನಿಂದ ಕಪ್ಪು ಮಾಡಿದ್ದಳು. ಕಣ್ಣಿನ ಕೆಳಗೂ ಗೀಚಿದ್ದಳು, ಕಾಗದ ಹರಿಯುವಷ್ಟು ಒತ್ತಿ. ನಾವು ಹುಡುಕುತ್ತಿದ್ದದ್ದು ಹಾಲ್ಯಾಗೆ ಗೊತ್ತಿತ್ತು ಅಮ್ಮಾ. ಹುಡುಕುತ್ತಿದ್ದದ್ದು ತನ್ನನ್ನೇ ಎಂದು ಮಾತ್ರ ನಂಬಿಕೆ ಬಂದಿರಲಿಲ್ಲ. ಇದು ನಿನಗೆ ಎಂದೂ ತಿಳಿಯಬಾರದು ಎಂದುಕೊಂಡಿದ್ದೆ. ಆದರೆ ಶನಿವಾರ ಮತ್ತೆ ನೀನು, ಅವಳು ನನ್ನ ಮಗಳಲ್ಲ ಎಂದು ಬಾಗಿಲಿನ ಒಳಗಿನಿಂದ ಕೂಗಿದರೆ ನಾನು ತಡೆದುಕೊಳ್ಳಲಾರೆ.

ಎರಡನೆಯದು: ನೋಡಲು ಬಿಡಲಿಲ್ಲ ಎಂದದ್ದು. ಬಿಟ್ಟರು. ಗಾಜಿನ ಈಚೆ ನಿಂತು ನೋಡಿದೆ. ನಾನು ಟ್ಯಾಬ್ಲೆಟ್ಟಿನಲ್ಲಿ ಬರೆದ ಮಚ್ಚೆ ಒಂದು ಕೂದಲೆಳೆ ಕೆಳಗಾಗಿದೆ. ಅವಳು ಪೆನ್ನಿನಲ್ಲಿ ಇಟ್ಟದ್ದು ಸರಿಯಾಗಿದೆ.

ಪೋಸ್ಟರಿನ ನಕಲನ್ನು ಇದರೊಳಗೆ ಇಟ್ಟಿದ್ದೇನೆ. ಅದನ್ನು ಒಲೆಗೆ ಹಾಕಬೇಡ. ಶನಿವಾರ ಬಾಗಿಲು ತೆಗಿ.